ಕಟ್ಟು ಬಿಚ್ಚುವ ಹೊತ್ತು

ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿಯೂ ಮಠಗಳಲ್ಲಿಯೂ ದೇವರ ಜಗುಲಿಯ ಒಂದು ಮೂಲೆಯಲ್ಲಿ ಮಾಸಿದ ಅರಿವೆಯ ಗಂಟೊಂದು ಇರುತ್ತಿತ್ತು. ಅದರೊಳಗೆ ಎರಡು ಹಲಗೆಗಳ ನಡುವೆ ದಾರದಿಂದ ಬಿಗಿದ ಓಲೆಗರಿಗಳ ಕಟ್ಟು. ದಿನನಿತ್ಯದ ಪೂಜೆಯ ವೇಳೆಯಲ್ಲಿ ಮನೆಯ ಹಿರಿಯರು ಅದಕ್ಕೂ ವಿಭೂತಿ ಹಚ್ಚಿ, ಪತ್ರೆ ಪುಷ್ಪಗಳನ್ನೇರಿಸಿ ಕೈಮುಗಿಯುತ್ತಿದ್ದರು. ತಂದೆ ಮುಗಿದನೆಂದು ಮಗ, ಮಗ ಮುಗಿದನೆಂದು ಮೊಮ್ಮಗ. ಹೀಗೆ ತಲೆಮಾರುಗಳು ಉರುಳಿದವು. ಕಟ್ಟಿನೊಳಗೆ ಏನಿದೆಯೆಂದು ಕೇಳಿದವರು ವಿರಳ. ಬಿಚ್ಚಿ ಓದಿದವರು ಇನ್ನೂ ವಿರಳ. ಗರಿಗಳನ್ನು ಹುಳು ತಿಂದಿತು, ಹೊಗೆ ಕಪ್ಪಾಗಿಸಿತು, ಮಳೆಗಾಲದ ತಂಪು ಒಂದಕ್ಕೊಂದು ಅಂಟಿಸಿತು. ಪೂಜೆ ಮಾತ್ರ ತಪ್ಪಲಿಲ್ಲ.

ಆ ಹಿರಿಯರ ಭಕ್ತಿಯನ್ನು ಹಗುರಾಗಿ ಕಾಣುವುದು ಸಲ್ಲದು. ಅವರು ಪೂಜಿಸಿ ಕಾಪಾಡದೆ ಹೋಗಿದ್ದರೆ ಆ ಗರಿಗಳು ಎಂದೋ ಒಲೆಯ ಪಾಲಾಗುತ್ತಿದ್ದವು. ಕಲ್ಯಾಣದ ಶರಣರ ಮಾತುಗಳು ಎಂಟು ಶತಮಾನಗಳ ಏಳುಬೀಳುಗಳನ್ನು ದಾಟಿ ಬಂದುದು ಈ ಮುಗ್ಧ ಶ್ರದ್ಧೆಯ ಕೈಹಿಡಿದುಕೊಂಡೇ. ಆದರೆ ಶ್ರದ್ಧೆಯೊಂದೇ ಆ ಕಟ್ಟನ್ನು ಬಿಚ್ಚಲಿಲ್ಲವೆಂಬುದೂ ಅಷ್ಟೇ ನಿಜ. ಬಿಚ್ಚುವುದಕ್ಕೆ ಬೇರೊಂದು ಗುಣ ಬೇಕಾಗಿದ್ದಿತು. ಒಳಗೇನಿದೆ ಎಂದು ಕೇಳುವ ಕುತೂಹಲ, ಗರಿಗರಿಯಾಗಿ ಕುಳಿತು ಓದುವ ತಾಳ್ಮೆ, ಅದಕ್ಕಾಗಿ ದಿನದ ಒಂದಿಷ್ಟು ಹೊತ್ತನ್ನು ಕೊಡುವ ಮನಸ್ಸು.

ಆ ಮನಸ್ಸು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರದಾಗಿತ್ತು. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ಮುಂಬಯಿಯಲ್ಲಿ ವ್ಯಾಸಂಗ ಮಾಡಿ ವಕೀಲರಾಗಿ, ಅಂದಿನ ವಿಜಾಪುರ, ಇಂದಿನ ವಿಜಯಪುರದಲ್ಲಿ ನೆಲೆಸಿದರು. ಕೋರ್ಟಿನ ಕಾಗದಪತ್ರಗಳ ನಡುವೆ ಬದುಕು ಸಾಗಿಸಬೇಕಾಗಿದ್ದ ಈ ಮನುಷ್ಯ ಓಲೆಗರಿಗಳ ಬೆನ್ನು ಹತ್ತಿದರು. ಊರೂರು ಅಲೆದರು. ಮಠಗಳ ಬಾಗಿಲಲ್ಲಿ ಕಾಯ್ದರು. ಮನೆಗಳ ಪಡಸಾಲೆಯಲ್ಲಿ ಕುಳಿತು ಯಜಮಾನರ ಮನವೊಲಿಸಿದರು. ಸಾವಿರಕ್ಕೂ ಮಿಕ್ಕಿದ ಓಲೆಗರಿ ಕಟ್ಟುಗಳು ಅವರ ಕೈ ಸೇರಿದವು. ಅವುಗಳನ್ನು ಓದಿ, ಹೋಲಿಸಿ, ಕಾಗದಕ್ಕಿಳಿಸಿ, 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವನ್ನು 1923ರಲ್ಲಿ ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ 'ಶಿವಾನುಭವ' ಪತ್ರಿಕೆ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆ ಒಂದರ ಹಿಂದೊಂದು ಬಂದವು. ಮುದ್ರಣಾಲಯಕ್ಕಾಗಿ ಅವರು ತಾವಿದ್ದ ಮನೆಯನ್ನೇ ಮಾರಿದರು. ಬೆರಳೆಣಿಕೆಯ ಶರಣರ ಹೆಸರುಗಳಷ್ಟೇ ಜನರ ಬಾಯಲ್ಲಿದ್ದ ಕಾಲದಲ್ಲಿ ಇನ್ನೂರಕ್ಕೂ ಮಿಕ್ಕಿದ ವಚನಕಾರರು ಬೆಳಕಿಗೆ ಬಂದರು.

ಈ ಸಂಗತಿಗಳು ಇಂತಹ ಸಂಚಿಕೆಗಳ ಓದುಗರಿಗೆ ಹೊಸವಲ್ಲ. ಜುಲೈ 2ರಂದು, ಅವರ ಜನ್ಮದಿನದಂದು, ಶಾಲೆ ಶಾಲೆಗಳಲ್ಲಿ ಇವು ಭಾಷಣಗಳ ವಸ್ತುವಾಗುತ್ತವೆ. ಆದರೆ ಭಾಷಣಗಳಲ್ಲಿ ಸಾಮಾನ್ಯವಾಗಿ ಕೇಳಿಬರದ ಪ್ರಶ್ನೆಯೊಂದಿದೆ. ಇಷ್ಟಕ್ಕೆಲ್ಲ ಅವರಿಗೆ ಹೊತ್ತು ಎಲ್ಲಿಂದ ಬಂದಿತು? ಅವರು ನಿರುದ್ಯೋಗಿಯಾಗಿರಲಿಲ್ಲ, ಸಂಸಾರದ ಭಾರವಿಲ್ಲದ ವಿರಕ್ತರೂ ಆಗಿರಲಿಲ್ಲ. 1910ರಲ್ಲಿ ವಿಜಾಪುರದಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಕಟ್ಟಿದವರು ಅವರೇ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಆರಂಭಿಸಿದವರೂ ಅವರೇ. ವಕೀಲಿ ವೃತ್ತಿ, ಶಾಲೆ, ಬ್ಯಾಂಕು, ಊರಿನ ಹತ್ತೆಂಟು ಸಾರ್ವಜನಿಕ ಕಾರ್ಯಗಳು. ಇವೆಲ್ಲದರ ನಡುವೆ ಉಳಿದ ಬಿಡುವಿನಲ್ಲಿಯೇ ಓಲೆಗರಿಯ ಕೆಲಸ ಮೊದಲಾದುದು. ಇತರರು ಹರಟೆಗೆ, ವಿಶ್ರಾಂತಿಗೆ, ಇಲ್ಲವೆ ಗಳಿಕೆಗೆ ಬಳಸುತ್ತಿದ್ದ ಹೊತ್ತನ್ನು ಅವರು ಗರಿಗಳಿಗೆ ಕೊಟ್ಟರು. ವಚನ ಸಾಹಿತ್ಯದ ಪುನರುದಯವು ಒಬ್ಬ ವಕೀಲರ ಬಿಡುವಿನ ವೇಳೆಯಲ್ಲಿ ಮೊಳೆಯಿತೆಂದರೆ ಅತಿಶಯೋಕ್ತಿಯಾಗಲಾರದು.

ಸ್ಫೂರ್ತಿಯೆಂಬ ಮಾತನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗಿದೆ. ಶಾಲೆಗಳ ವಾರ್ಷಿಕ ಸಮಾರಂಭಗಳಲ್ಲಿ ಈ ಶಬ್ದ ಬಹಳ ಅಗ್ಗವಾಗಿ ಬಳಕೆಯಾಗುತ್ತದೆ. ದೊಡ್ಡವರೊಬ್ಬರು ಬರುತ್ತಾರೆ; ಒಂದು ತಾಸು ಮಾತನಾಡುತ್ತಾರೆ; ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಸ್ಫೂರ್ತಿ ದೊರೆಯಿತೆಂದು ವಂದನಾರ್ಪಣೆಯಲ್ಲಿ ಹೇಳಲಾಗುತ್ತದೆ. ಅದು ಹುಲ್ಲಿಗೆ ಹತ್ತಿದ ಬೆಂಕಿಯಂತೆ. ಕಣ್ಣು ಕುಕ್ಕುವಷ್ಟು ಬೆಳಕು, ಹಿಂದೆಯೇ ಹಿಡಿ ಬೂದಿ. ಮನೆಯ ನಂದಾದೀಪಕ್ಕೆ ಬೇಕಾದುದು ಅಂತಹ ಬೆಂಕಿಯಲ್ಲ, ದಿನವೂ ಎರೆಯುವ ಎಣ್ಣೆ. ಶ್ರದ್ಧೆ, ಇತಿಹಾಸ, ಓದು, ಸರಳವಾದೊಂದು ಹವ್ಯಾಸ, ಈ ನಾಲ್ಕೂ ಸ್ಫೂರ್ತಿಯ ಮೂಲಗಳೆಂದು ಹೇಳುವುದು ವಾಡಿಕೆ. ಅವು ಬಿಡಿಬಿಡಿಯಾದ ನಾಲ್ಕು ಬಾವಿಗಳಲ್ಲ, ಒಂದೇ ಹಗ್ಗದ ನಾಲ್ಕು ಎಳೆಗಳು. ಅವುಗಳನ್ನು ಹೊಸೆಯುವ ಕೈ ಯಾವುದೆಂದರೆ, ದಿನದಿನವೂ ತಪ್ಪದೆ ಕೊಡುವ ಸ್ವಲ್ಪ ಹೊತ್ತು. ಆ ಹೊತ್ತು ಇಲ್ಲವಾದಾಗ ಶ್ರದ್ಧೆ ಆಚಾರವಾಗುತ್ತದೆ, ಇತಿಹಾಸ ಇಸವಿಗಳ ಪಟ್ಟಿಯಾಗುತ್ತದೆ, ಓದು ಪರೀಕ್ಷೆಯಾಗುತ್ತದೆ, ಹವ್ಯಾಸ ಕಾಲಹರಣವಾಗುತ್ತದೆ.

ಶ್ರದ್ಧೆಯ ಮಾತನ್ನೇ ಮೊದಲು ತೆಗೆದುಕೊಳ್ಳಬಹುದು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕುತ್ತಿದ್ದ ಕಾಲದಲ್ಲಿಯೇ ಉತ್ತಂಗಿ ಚನ್ನಪ್ಪನವರು ಮತ್ತೊಂದು ಹುಡುಕಾಟದಲ್ಲಿದ್ದರು. 1881ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ಕ್ರೈಸ್ತ ಧರ್ಮೋಪದೇಶಕರು. ಬಾಸೆಲ್ ಮಿಶನ್ನಿನ ಸೇವೆಯಲ್ಲಿದ್ದವರು. ಹಳ್ಳಿಹಳ್ಳಿ ತಿರುಗುವುದು ಅವರ ಕರ್ತವ್ಯವೇ ಆಗಿತ್ತು. ಹಾಗೆ ತಿರುಗುವಾಗ ಜನರ ನಾಲಿಗೆಯ ಮೇಲೆ ನಲಿಯುತ್ತಿದ್ದ ಸರ್ವಜ್ಞನ ತ್ರಿಪದಿಗಳು ಅವರ ಕಿವಿಗೆ ಬಿದ್ದವು. ಹೊಲದ ಬದುವಿನಲ್ಲಿ, ಕಟ್ಟೆಯ ಮೇಲೆ, ಸಂತೆಯಲ್ಲಿ ಕೇಳಿದ್ದನ್ನು ಬರೆದುಕೊಂಡರು. ದೊರೆತ ಹಸ್ತಪ್ರತಿಗಳೊಡನೆ ಹೋಲಿಸಿ ನೋಡಿದರು. 1924ರಲ್ಲಿ 'ಸರ್ವಜ್ಞನ ವಚನಗಳು' ಗ್ರಂಥವಾಗಿ ಹೊರಬಂದಿತು. ಮುಂದೆ ಅವರು ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಸಂಶೋಧನೆ ನಡೆಸಿದರು; 1949ರಲ್ಲಿ ಕಲಬುರ್ಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನು ಅಲಂಕರಿಸಿದರು. ಚನ್ನಪ್ಪನವರು ತಮ್ಮ ಧರ್ಮವನ್ನು ಬಿಡಲಿಲ್ಲ. ಬಿಡದೆಯೇ ಇನ್ನೊಂದು ಧರ್ಮದ ಸಂಪತ್ತನ್ನು ತಮ್ಮದೆಂಬಂತೆ ಜತನ ಮಾಡಿದರು. ಗಟ್ಟಿಯಾಗಿ ಬೇರು ಬಿಟ್ಟ ಮರ ಬೇಲಿಯಾಚೆಗೂ ನೆರಳು ಚಾಚುವುದಕ್ಕೆ ಅಂಜುವುದಿಲ್ಲ. ಒಂದು ಮಠದ ಆಶ್ರಯದಲ್ಲಿ ಎಲ್ಲ ಜಾತಿ ಮತಗಳ ಮಕ್ಕಳು ಕಲಿಯುವ ಶಾಲೆಗೆ ಈ ದೃಷ್ಟಾಂತ ತೀರ ಹತ್ತಿರದ್ದು.

ಇತಿಹಾಸದ ಸ್ಫೂರ್ತಿಯೂ ಹೀಗೆಯೇ ಕಾಲಬುಡದಲ್ಲಿಯೇ ಇರುತ್ತದೆ. 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಬಿ. ಎಲ್. ರೈಸರು ಮೊದಲಿಗೆ ಅಲ್ಲಿನ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು. ಬಳಿಕ ಮೈಸೂರು, ಕೊಡಗು ಸೀಮೆಗಳ ಶಾಲೆಗಳ ಇನ್‌ಸ್ಪೆಕ್ಟರಾದರು. ಶಾಲಾ ತಪಾಸಣೆಗೆಂದು ಊರೂರು ಸಂಚರಿಸುವಾಗ ದೇವಾಲಯದ ಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಹೊಲಗಳ ನಡುವೆ ನಿಂತ ಬರಹದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಅವರಿಗಿಂತ ಮೊದಲು ಆ ದಾರಿಯಲ್ಲಿ ಸಾವಿರಾರು ಜನ ನಡೆದಿದ್ದರು. ಕಲ್ಲುಗಳನ್ನು ನೋಡಿಯೂ ಇದ್ದರು. ರೈಸರು ಒಂದು ಗಳಿಗೆ ನಿಂತು ಓದಲು ತೊಡಗಿದರು, ಅಷ್ಟೇ ವ್ಯತ್ಯಾಸ. 1886ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೊದಲನೆಯ ಸಂಪುಟ ಪ್ರಕಟವಾಯಿತು. ಒಟ್ಟು ಹನ್ನೆರಡು ಸಂಪುಟಗಳಲ್ಲಿ ಒಂಬತ್ತು ಸಾವಿರದಷ್ಟು ಶಾಸನಗಳು ಬೆಳಕು ಕಂಡವು. ಕನ್ನಡ ನಾಡಿನ ಅರಸರ, ವೀರರ, ದಾನಿಗಳ ಚರಿತ್ರೆಗೆ ಅವು ಅಡಿಗಲ್ಲಾದವು. ಶಾಲೆಯ ಕೆಲಸವೇ ಅವರನ್ನು ಶಾಸನದ ಬಳಿಗೆ ಒಯ್ದಿತೆಂಬುದನ್ನು ಶಿಕ್ಷಕ ಬಾಂಧವರು ವಿಶೇಷವಾಗಿ ಗಮನಿಸಬೇಕು.

ರೈಸರು ಹೋದ ಮೇಲೂ ಕಲ್ಲುಗಳು ಮುಗಿಯಲಿಲ್ಲ. ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ ಊರವರೆಲ್ಲರೂ ಕಂಡ ಕಲ್ಲೊಂದು ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದೆಂದು ತಿಳಿದುಬಂದುದು 1936ರಲ್ಲಿ, ಎಂ. ಎಚ್. ಕೃಷ್ಣ ಅವರು ಅದನ್ನು ಓದಿದಾಗ. ಇಂದಿಗೂ ಎಷ್ಟೋ ಹಳ್ಳಿಗಳಲ್ಲಿ ವೀರಗಲ್ಲುಗಳು ಅರ್ಧ ಹೂತು ನಿಂತಿವೆ. ಕೆಲವು ಬಟ್ಟೆ ಒಗೆಯುವ ಹಾಸುಗಲ್ಲಾಗಿವೆ. ಏಳನೆಯ ತರಗತಿಯ ಹುಡುಗನೊಬ್ಬನು ತನ್ನ ಊರಿನ ವೀರಗಲ್ಲಿನ ಮುಂದೆ ನಿಂತು, ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರೊಡನೆ ವೀರನ ಪಯಣ, ಮೇಲೆ ಶಿವಲಿಂಗದ ಸನ್ನಿಧಿ ಎಂದು ಗುರುತಿಸಬಲ್ಲವನಾದರೆ, ಅವನ ಪಾಲಿಗೆ ಇತಿಹಾಸವು ಇಸವಿಗಳ ಪಟ್ಟಿಯಾಗಿ ಉಳಿಯುವುದಿಲ್ಲ. ಅದು ಅವನ ಊರಿನ ದನ ಕಾಯಲು ಹೋಗಿ ಪ್ರಾಣ ಕೊಟ್ಟ ಒಬ್ಬ ಮನುಷ್ಯನ ಕಥೆಯಾಗುತ್ತದೆ. ಅಂಚೆಚೀಟಿ, ನಾಣ್ಯಗಳ ಸಂಗ್ರಹವೂ ಇಂತಹುದೇ. 1967ರಲ್ಲಿ ಅಂಚೆ ಇಲಾಖೆ ಬಸವೇಶ್ವರರ ಅಂಚೆಚೀಟಿಯನ್ನು ಹೊರತಂದಿತು. 2006ರಲ್ಲಿ ಅವರ ಸ್ಮರಣೆಯ ಐದು ರೂಪಾಯಿ ನಾಣ್ಯ ಬಂದಿತು. ಅಂತಹ ನಾಣ್ಯವೊಂದು ಕೈಗೆ ಬಂದಾಗ ಮಗುವೊಂದು ಇವರಾರೆಂದು ಕೇಳಿದರೆ ಆ ಪ್ರಶ್ನೆಯ ಬೆಲೆ ಐದು ರೂಪಾಯಿಗಿಂತ ಬಹಳ ಹೆಚ್ಚಿನದು. ಉತ್ತರ ಹೇಳಲು ಹತ್ತು ನಿಮಿಷದ ಬಿಡುವುಳ್ಳ ಹಿರಿಯರೊಬ್ಬರು ಹತ್ತಿರ ಇರಬೇಕು, ಅಷ್ಟೇ.

ಓದಿನ ಮಾತು. ಕನ್ನಡ ಓದುಗನನ್ನು ಸೃಷ್ಟಿಸಿದವರಲ್ಲಿ ಗಳಗನಾಥರೆಂದು ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ಅಗ್ರಗಣ್ಯರು. ಅವರು ಶಾಲಾ ಮಾಸ್ತರರಾಗಿದ್ದವರು. ಕಾದಂಬರಿಗಳನ್ನು ಬರೆದರು, ಬರೆದು ಮನೆಯಲ್ಲಿ ಕೂಡಲಿಲ್ಲ. ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಓದುವ ಅಭ್ಯಾಸವಿಲ್ಲದ ನಾಡಿನಲ್ಲಿ ಓದುಗರ ಮನೆಯ ಬಾಗಿಲಿಗೇ ಪುಸ್ತಕ ಹೋಗಬೇಕೆಂಬುದನ್ನು ಅವರು ಕಾಲಿನಿಂದ ನಡೆದು ತೋರಿಸಿದರು. ಅದೇ ಜಾಡಿನಲ್ಲಿ ಈ ಕಾಲದಲ್ಲಿ ನಡೆದವರು ಪಾಂಡವಪುರದ ಬಳಿಯ ಹರಳಹಳ್ಳಿಯ ಅಂಕೇಗೌಡರು. ಬಸ್ಸಿನ ಕಂಡಕ್ಟರಾಗಿದ್ದು, ಅನಂತರ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅವರು ತಮ್ಮ ಸಂಬಳದ ಹಣದಿಂದ ಪುಸ್ತಕ ಕೊಳ್ಳುತ್ತ ಬಂದರು. ಅದು ಲಕ್ಷಗಟ್ಟಲೆ ಗ್ರಂಥಗಳ ಪುಸ್ತಕದ ಮನೆಯಾಗಿ ಬೆಳೆದು ಓದುಗರೆಲ್ಲರಿಗೂ ಬಾಗಿಲು ತೆರೆಯಿತು. ದೊಡ್ಡ ಪದವಿ, ದೊಡ್ಡ ಸಿರಿವಂತಿಕೆ ಯಾವುದೂ ಇಲ್ಲಿ ಕೆಲಸ ಮಾಡಲಿಲ್ಲ. ಹನಿಹನಿಗೂಡಿದರೆ ಹಳ್ಳವೆಂಬ ಗಾದೆಯಷ್ಟೇ ಕೆಲಸ ಮಾಡಿತು.

ಹವ್ಯಾಸವೆಂಬುದನ್ನು ಕೆಲವರು ಮಕ್ಕಳಾಟಿಕೆಯೆಂದು ತಳ್ಳಿಹಾಕುತ್ತಾರೆ. ಶರಣರ ಪರಂಪರೆಯನ್ನು ಬಲ್ಲವರು ಹಾಗೆ ತಳ್ಳಿಹಾಕಲಾರರು. ಆಯ್ದಕ್ಕಿ ಮಾರಯ್ಯನ ಕಾಯಕವಾದರೂ ಏನು? ನೆಲಕ್ಕೆ ಚೆಲ್ಲಿದ ಅಕ್ಕಿಯ ಕಾಳುಗಳನ್ನು ಒಂದೊಂದಾಗಿ ಆಯುವುದು. ಲೋಕದ ಕಣ್ಣಿಗೆ ಅದು ಕೆಲಸವೇ ಅಲ್ಲ. ಆದರೆ ಆ ಕಾಳುಗಳಿಂದಲೇ ಅವನ ಮನೆಯಲ್ಲಿ ಜಂಗಮ ದಾಸೋಹ ನಡೆಯಿತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಅಂದಿಗೆ ಸಾಕಾದಷ್ಟನ್ನು ಉಳಿಸಿ ಮಿಕ್ಕದ್ದನ್ನು ಮರಳಿ ಚೆಲ್ಲಿ ಬರಲು ಹೇಳಿದಳು. ಈ ಪ್ರಸಂಗದಲ್ಲಿ ಹವ್ಯಾಸವನ್ನು ಕುರಿತ ಎರಡು ಪಾಠಗಳಿವೆ. ಚೆಲ್ಲಿಹೋಗುವುದನ್ನು ಆಯ್ದು ಉಳಿಸಬೇಕೆಂಬುದು ಮೊದಲನೆಯದು. ಆಯ್ದದ್ದು ಬಚ್ಚಿಡುವುದಕ್ಕಲ್ಲ, ಹಂಚುವುದಕ್ಕೆ ಎಂಬುದು ಎರಡನೆಯದು. ಹಳಕಟ್ಟಿಯವರು ಸಾವಿರ ಓಲೆಕಟ್ಟುಗಳನ್ನು ಕೂಡಿಹಾಕಿ ಬೀಗ ಹಾಕಿದ್ದರೆ ಜಗುಲಿಯ ಗಂಟು ಅವರ ಪೆಟ್ಟಿಗೆಗೆ ವರ್ಗವಾಗುತ್ತಿತ್ತೇ ಹೊರತು ಬೇರೇನೂ ಆಗುತ್ತಿರಲಿಲ್ಲ. ಅವರು ಅಚ್ಚು ಹಾಕಿಸಿ ಹಂಚಿದರು. ಕೂಡಿಡುವವನ ಹವ್ಯಾಸ ಲೋಭವಾಗುತ್ತದೆ. ಹಂಚುವವನ ಹವ್ಯಾಸ ದಾಸೋಹವಾಗುತ್ತದೆ.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತುಗಳು ಇಲ್ಲದಿಲ್ಲ. ಬಡ ರೈತನ ಮಗನಿಗೆ ಬೇಕಾದುದು ನೌಕರಿ. ನೌಕರಿಗೆ ಬೇಕಾದುದು ಅಂಕಗಳು. ವೀರಗಲ್ಲು ನೋಡುವುದರಿಂದ, ಗಾದೆಗಳನ್ನು ಬರೆದಿಡುವುದರಿಂದ ಯಾವ ಪ್ರವೇಶ ಪರೀಕ್ಷೆಯಲ್ಲಿ ಸ್ಥಾನ ದೊರೆಯುತ್ತದೆ ಎಂದು ಪಾಲಕರು ಕೇಳುತ್ತಾರೆ. ಈ ಪ್ರಶ್ನೆಯನ್ನು ನಗೆಯಾಡಿ ಬಿಡುವಂತಿಲ್ಲ. ಹಸಿವು ಬಲ್ಲವರು ಕೇಳುವ ಪ್ರಶ್ನೆಯದು. ಸ್ವತಃ ಹಳಕಟ್ಟಿಯವರ ಜೀವನವೇ ಹವ್ಯಾಸಕ್ಕೆ ತೆರಬೇಕಾದ ಬೆಲೆಯನ್ನು ತೋರಿಸುತ್ತದೆ. ಮನೆ ಹೋಯಿತು, ವಕೀಲಿಯ ಗಳಿಕೆ ಹೋಯಿತು, ಕೊನೆಗಾಲದಲ್ಲಿ ಬಡತನ ಕಾಡಿತು. 1926ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಪದವಿ ದೊರೆತವು. ಆದರೆ ಗೌರವಗಳಿಂದ ಮನೆಯ ಒಲೆ ಉರಿಯುವುದಿಲ್ಲ. 1964ರಲ್ಲಿ ಅವರು ಲಿಂಗೈಕ್ಯರಾದರು.

ಎಲ್ಲ ಮಕ್ಕಳೂ ಮನೆ ಮಾರಿ ಮುದ್ರಣಾಲಯ ತೆಗೆಯಬೇಕೆಂದು ಯಾರೂ ಬಯಸಲಾರರು. ಬೇಕಾದುದು ದಿನಕ್ಕೆ ಅರ್ಧ ತಾಸು. ಅಂಕಗಳ ಬೇಟೆಯಲ್ಲಿ ಈ ಅರ್ಧ ತಾಸು ಕೂಡ ಕಳೆದುಹೋಗಿದೆಯೆಂಬುದೇ ಇಂದಿನ ಆತಂಕ. ಬೆಳಗಿನ ಟ್ಯೂಶನ್, ಹಗಲಿನ ಶಾಲೆ, ಸಂಜೆಯ ವಿಶೇಷ ತರಗತಿ, ಭಾನುವಾರದ ಪರೀಕ್ಷೆ, ಇವುಗಳ ನಡುವೆ ಉಳಿದ ಚೂರುಪಾರು ಹೊತ್ತನ್ನು ಮೊಬೈಲ್ ಫೋನು ನುಂಗುತ್ತದೆ. ಹೀಗೆ ಬೆಳೆದ ವಿದ್ಯಾರ್ಥಿ ನೌಕರಿ ಹಿಡಿಯುತ್ತಾನೆ, ಸಂಬಳ ತರುತ್ತಾನೆ. ಆದರೆ ಸಂಜೆ ಮನೆಗೆ ಬಂದ ಮೇಲೆ ತನ್ನೊಡನೆ ತಾನು ಹೇಗಿರಬೇಕೆಂದು ಅವನಿಗೆ ತಿಳಿಯುವುದಿಲ್ಲ. ನಿವೃತ್ತಿಯ ದಿನ ಬಂದಾಗಲಂತೂ ಅವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಹೊಟ್ಟೆಗೆ ವಿದ್ಯೆ ಕೊಟ್ಟ ಶಾಲೆ ಬದುಕಿಗೆ ವಿದ್ಯೆ ಕೊಡದೆ ಹೋದಂತಾಗುತ್ತದೆ. ಮೇಲಾಗಿ, ಸ್ವಂತ ಕುತೂಹಲದಿಂದ ಓದಲು ಕಲಿತ ಮಗು ಪಠ್ಯವನ್ನೂ ಚೆನ್ನಾಗಿ ಓದುತ್ತದೆಂಬುದನ್ನು ಅನುಭವಿ ಶಿಕ್ಷಕರಾರೂ ಅಲ್ಲಗಳೆಯಲಾರರು.

ಇಂದು ಇನ್ನೊಂದು ವಿಚಿತ್ರ ಸನ್ನಿವೇಶ ಒದಗಿದೆ. ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಹೊರತಂದಿತು. ಅನಂತರದ ವರ್ಷಗಳಲ್ಲಿ ವಚನಗಳು ಗಣಕಯಂತ್ರಕ್ಕೂ ಇಳಿದವು. ಹಳಕಟ್ಟಿಯವರು ಒಂದು ವಚನಕ್ಕಾಗಿ ಒಂದೂರಿನಿಂದ ಇನ್ನೊಂದೂರಿಗೆ ಅಲೆಯಬೇಕಾಗಿದ್ದರೆ, ಇಂದಿನ ವಿದ್ಯಾರ್ಥಿ ಬೆರಳ ತುದಿಯಲ್ಲಿ ಸಾವಿರಾರು ವಚನಗಳನ್ನು ತೆರೆಯಬಲ್ಲನು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಹಗೇವಿನ ತುಂಬ ಜೋಳವಿದ್ದ ಮಾತ್ರಕ್ಕೆ ಮನೆಯವರ ಹಸಿವು ಹಿಂಗುವುದಿಲ್ಲ. ತೆಗೆದು, ಬೀಸಿ, ರೊಟ್ಟಿ ತಟ್ಟಬೇಕು. ತೆರೆಯದ ಫೋನಿನ ವಚನಕ್ಕೂ ಬಿಚ್ಚದ ಓಲೆಗರಿಯ ವಚನಕ್ಕೂ ಭೇದವಿಲ್ಲ. ಬಸವ ಜಯಂತಿಯಂದು ಮಕ್ಕಳು ಸ್ಪರ್ಧೆಗೆಂದು ವಚನಗಳನ್ನು ಕಂಠಪಾಠ ಮಾಡಿ ಒಪ್ಪಿಸುತ್ತಾರೆ. ಬಹುಮಾನದ ತಟ್ಟೆ ಲೋಟಗಳನ್ನು ಮನೆಗೆ ಒಯ್ಯುತ್ತಾರೆ. ಒಪ್ಪಿಸಿದ ವಚನದ ಅರ್ಥವನ್ನು ಮರುದಿನ ಕೇಳುವವರು ಇರುವುದಿಲ್ಲ. ಇದೂ ಒಂದು ಬಗೆಯ ಪತ್ರೆ ಏರಿಸುವ ಕೆಲಸವೇ.

ಮಾತು ಇಲ್ಲಿಗೆ ಬಂದ ಮೇಲೆ ಶಾಲೆಗಳ ಗ್ರಂಥಾಲಯದ ಕಪಾಟಿನ ಮುಂದೆ ನಿಲ್ಲದೆ ಗತಿಯಿಲ್ಲ. ಯಾವುದೊಂದು ಶಾಲೆಯ ಮಾತಲ್ಲ ಇದು. ಹೆಚ್ಚಿನ ಶಾಲೆಗಳ ಮಾತು. ಕಪಾಟು ಇರುತ್ತದೆ. ಗಾಜಿನ ಬಾಗಿಲೊಳಗೆ ಗ್ರಂಥಗಳೂ ಇರುತ್ತವೆ. ಕೊಟ್ಟ ದಾನಿಗಳ ಹೆಸರು ಬಣ್ಣದಲ್ಲಿ ಬರೆಯಲಾಗಿರುತ್ತದೆ. ಆಯುಧಪೂಜೆಯಂದು ಕುಂಕುಮ ಹಚ್ಚಿ, ಹೂ ಏರಿಸುತ್ತಾರೆ. ಕೀಲಿಕೈ ಮಾತ್ರ ಮುಖ್ಯಾಧ್ಯಾಪಕರ ಮೇಜಿನ ಖಾನೆಯಲ್ಲಿರುತ್ತದೆ. ಪುಸ್ತಕ ಹರಿದರೆ, ಕಳೆದರೆ, ತನಿಖೆಯ ದಿನ ಲೆಕ್ಕ ಒಪ್ಪಿಸುವವರು ಯಾರೆಂಬ ಭಯ. ಆ ಭಯ ಸಹಜವೇ. ಅದಕ್ಕೆ ಶಿಕ್ಷಕರನ್ನಷ್ಟೇ ದೂರುವುದು ನ್ಯಾಯವಲ್ಲ. ಆದರೆ ಓದಿ ಓದಿ ಹರಿದ ಪುಸ್ತಕ ಶಾಲೆಗೆ ಕೀರ್ತಿ. ಹೊಸದಾಗಿಯೇ ಹುಳು ತಿಂದ ಪುಸ್ತಕ ಶಾಲೆಗೆ ನಷ್ಟ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ತಮ್ಮ ಪಂಚಸೂತ್ರಗಳಲ್ಲಿ ಗ್ರಂಥದ ಬಳಕೆಗೆ ಮೊದಲನೆಯ ಸ್ಥಾನ ಕೊಟ್ಟರು. ಬೀಗದ ಹಿಂದಿನ ಗ್ರಂಥ ಮತ್ತೆ ಜಗುಲಿಯ ಗಂಟೇ ಆಗುತ್ತದೆ. ಹಳಕಟ್ಟಿಯವರ ಭಾವಚಿತ್ರವನ್ನು ಗೋಡೆಗೆ ತೂಗುಹಾಕಿ, ಅದರ ಕೆಳಗೆಯೇ ಕಪಾಟಿಗೆ ಬೀಗ ಹಾಕಿದರೆ, ಅದಕ್ಕಿಂತ ಮಿಗಿಲಾದ ವಿಪರ್ಯಾಸ ಇನ್ನೊಂದಿಲ್ಲ.

ದಾನಿಗಳ ಔದಾರ್ಯದಿಂದಲೇ ಈ ಭಾಗದ ವಿದ್ಯಾಸಂಸ್ಥೆಗಳು ಬೆಳೆದಿವೆ. 1883ರಲ್ಲಿ ಧಾರವಾಡದಲ್ಲಿ ಅರಟಾಳ ರುದ್ರಗೌಡರೇ ಮೊದಲಾದ ಹಿರಿಯರು ಲಿಂಗಾಯತ ವಿದ್ಯಾಭಿವೃದ್ಧಿ ನಿಧಿಯನ್ನು ಕೂಡಿಸಿದರು. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿಯ ಲಿಂಗರಾಜರು ತಮ್ಮ ಆಸ್ತಿಯನ್ನು ವಿದ್ಯಾದಾನಕ್ಕೆಂದು ಮೃತ್ಯುಪತ್ರ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ತಮ್ಮ ಬಾಳನ್ನೇ ಮುಡಿಪಿಟ್ಟು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಅವರ ಕಾಲಕ್ಕೆ ಕಟ್ಟಡವೇ ಮೊದಲ ಅಗತ್ಯವಾಗಿತ್ತು. ಮಕ್ಕಳು ಕೂಡಲು ಸೂರಿರಲಿಲ್ಲ, ಉಣ್ಣಲು ಪ್ರಸಾದನಿಲಯವಿರಲಿಲ್ಲ. ಇಂದು ಸೂರು ಇದೆ, ಪ್ರಸಾದವೂ ಇದೆ. ಆದರೆ ದಾನದ ರೀತಿ ಬದಲಾಗಿಲ್ಲ. ಕೋಣೆಗೊಂದು ಕಲ್ಲು, ಕಲ್ಲಿಗೊಂದು ಹೆಸರು ಎಂಬಲ್ಲಿಗೇ ಅದು ನಿಂತಿದೆ. ಒಂದು ಕೋಣೆಯ ಅಮೃತಶಿಲೆಗೆ ತಗಲುವ ಹಣದಲ್ಲಿ ಎಷ್ಟೋ ಪುಸ್ತಕಗಳು ಬರುತ್ತವೆ. ವರ್ಷವರ್ಷವೂ ಹೊಸ ಪುಸ್ತಕ ಕೊಡುವ ದಾನಿಯ ಹೆಸರು ಕಲ್ಲಿನ ಮೇಲೆ ಇರಲಿಕ್ಕಿಲ್ಲ. ಓದಿದ ಮಗುವಿನ ನೆನಪಿನಲ್ಲಿ ಇರುತ್ತದೆ. ಹರಿದದ್ದಕ್ಕೆ ಬದಲು ಪುಸ್ತಕ ತಂದುಕೊಡುವೆನೆಂದು ದಾನಿಯೊಬ್ಬರು ಮುಂದೆ ಬಂದರೆ ಮುಖ್ಯಾಧ್ಯಾಪಕರ ಭಯ ಅರ್ಧಕ್ಕರ್ಧ ಕಳೆಯುತ್ತದೆ. ಕೀಲಿಕೈ ತಾನಾಗಿಯೇ ಹೊರಬರುತ್ತದೆ.

ಹಳೆಯ ವಿದ್ಯಾರ್ಥಿಗಳ ಪಾಲೂ ಇಲ್ಲಿದೆ. ದೇಶವಿದೇಶಗಳಲ್ಲಿ ನೆಲೆನಿಂತ ಅವರು ವರ್ಷಕ್ಕೊಮ್ಮೆ ಶಾಲೆಗೆ ಬಂದು ಕಾಣಿಕೆ ಸಲ್ಲಿಸಿ ಹೋಗುತ್ತಾರೆ. ಕಾಣಿಕೆ ಸ್ವಾಗತಾರ್ಹ. ಅದಕ್ಕಿಂತ ಹೆಚ್ಚಿನ ಕಾಣಿಕೆ, ತಮಗೆ ತಿಳಿದ ಒಂದು ಸಣ್ಣ ವಿದ್ಯೆಯನ್ನು ಮಕ್ಕಳ ನಡುವೆ ಕುಳಿತು ಹಂಚುವುದು. ಒಬ್ಬರಿಗೆ ನಕ್ಷತ್ರಗಳನ್ನು ಗುರುತಿಸುವುದು ಬರುತ್ತದೆ; ಇನ್ನೊಬ್ಬರಿಗೆ ಹಕ್ಕಿಗಳ ಹೆಸರು ಗೊತ್ತು; ಮತ್ತೊಬ್ಬರು ಕಸಿ ಕಟ್ಟಬಲ್ಲರು; ಮಗದೊಬ್ಬರು ಹಳಗನ್ನಡ ಲಿಪಿ ಓದಬಲ್ಲರು. ಶಿಕ್ಷಕರಿಂದ ಕೇಳಬೇಕಾದುದು ಇನ್ನೂ ಕಡಿಮೆ. ಪ್ರಾರ್ಥನೆ ಮುಗಿದ ಮೇಲೆ ಹತ್ತು ನಿಮಿಷ ತಮಗೆ ಮೆಚ್ಚಿಗೆಯಾದ ಪುಸ್ತಕದ ಒಂದೆರಡು ಪುಟಗಳನ್ನು ಮಕ್ಕಳಿಗೆ ಓದಿ ಹೇಳುವುದು, ವಾರದಲ್ಲಿ ಒಂದು ಅವಧಿ ಕಪಾಟಿನ ಬಾಗಿಲು ತೆರೆದಿಟ್ಟು ಮಕ್ಕಳು ತಾವೇ ಆರಿಸಿಕೊಳ್ಳಲು ಬಿಡುವುದು. ಆರಿಸಿಕೊಂಡದ್ದನ್ನು ಕುರಿತು ಪರೀಕ್ಷೆ ಬೇಡ, ಅಂಕ ಬೇಡ. ಓದದ ಗುರುವಿನ ಕೈಯಲ್ಲಿ ಓದುವ ಶಿಷ್ಯ ತಯಾರಾಗುವುದು ಕಷ್ಟ. ಗುರುಗಳು ಓದುತ್ತ ಕುಳಿತುದನ್ನು ಕಂಡ ಮಗುವಿಗೆ ಉಪದೇಶವೇ ಬೇಕಾಗುವುದಿಲ್ಲ.

ಮಕ್ಕಳ ಪಾಲಿಗೆ ಆಯುವ ಕೆಲಸವನ್ನು ಬಿಡಬೇಕು. ಎಂಟನೆಯ ತರಗತಿಯ ಮಕ್ಕಳು ಒಂದು ವರ್ಷದಲ್ಲಿ ತಮ್ಮ ತಮ್ಮ ಊರಿನ ಗಾದೆಗಳನ್ನು, ಬೀಸುವ ಕಲ್ಲಿನ ಪದಗಳನ್ನು, ಹೊಲಗಳ ಮತ್ತು ಹಳ್ಳಗಳ ಹೆಸರುಗಳನ್ನು, ವೀರಗಲ್ಲುಗಳ ನೆಲೆಗಳನ್ನು ಬರೆದು ತಂದರೆ ಅದು ಸಣ್ಣ ಸಂಪತ್ತಲ್ಲ. ಬೀಸುವ ಕಲ್ಲು ಮನೆಗಳಿಂದ ಮರೆಯಾಗಿದೆ. ಆ ಪದಗಳನ್ನು ಬಲ್ಲ ಅಜ್ಜಿಯರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅವರೂ ಓಲೆಗರಿಯ ಕಟ್ಟುಗಳೇ. ಮನೆಯಲ್ಲಿ ಅವರ ಕಾಲಿಗೆ ನಮಸ್ಕಾರ ತಪ್ಪದೆ ನಡೆಯುತ್ತದೆ. ಅವರ ನೆನಪಿನ ಕಟ್ಟನ್ನು ಬಿಚ್ಚುವವರಿಲ್ಲ. ಮೊಮ್ಮಗಳೊಬ್ಬಳು ಅವರ ಪಕ್ಕದಲ್ಲಿ ಕುಳಿತು ಅರ್ಧ ತಾಸು ಬರೆದುಕೊಂಡರೆ, ಆ ಅರ್ಧ ತಾಸಿನಲ್ಲಿ ಶ್ರದ್ಧೆ, ಇತಿಹಾಸ, ಓದು, ಹವ್ಯಾಸ ನಾಲ್ಕೂ ಒಟ್ಟಿಗೆ ಬಂದು ಕೂಡುತ್ತವೆ. ಇಂತಹ ಸ್ಮರಣ ಸಂಚಿಕೆಗಳ ಕೆಲವು ಪುಟಗಳನ್ನು ಅಂತಹ ಸಂಗ್ರಹಕ್ಕೆ ಮೀಸಲಿಟ್ಟರೆ, ಸಂದೇಶಗಳ ಮತ್ತು ಭಾವಚಿತ್ರಗಳ ನಡುವೆ ಅವು ಎಲ್ಲಕ್ಕಿಂತ ಹೆಚ್ಚು ಕಾಲ ಬಾಳುವ ಪುಟಗಳಾಗುತ್ತವೆ.

ದೊಡ್ಡ ಯೋಜನೆ ಯಾವುದೂ ಇದಕ್ಕೆ ಬೇಡ. ಸರ್ಕಾರದ ಅಪ್ಪಣೆ ಬೇಡ, ಅನುದಾನ ಬೇಡ. ಮೇಜಿನ ಖಾನೆಯಲ್ಲಿರುವ ಕೀಲಿಕೈ ಹೊರಬರಬೇಕು. ದಿನದ ಅರ್ಧ ತಾಸು ಮಕ್ಕಳಿಗೆ ಮರಳಿ ಸಿಗಬೇಕು. ಆ ಅರ್ಧ ತಾಸಿನಲ್ಲಿ ಎಲ್ಲರೂ ಹಳಕಟ್ಟಿಗಳಾಗುವುದಿಲ್ಲ. ನೂರರಲ್ಲಿ ಒಬ್ಬಳಿಗೆ ಸಂಶೋಧನೆಯ ದಾರಿ ತೆರೆಯಬಹುದು. ಉಳಿದ ತೊಂಬತ್ತೊಂಬತ್ತು ಮಕ್ಕಳು ಎಂದೋ ಒಂದು ಸಂಜೆ, ಕೆಲಸದಿಂದ ಬಳಲಿ ಬಂದು ಕುಳಿತಾಗ, ಪುಸ್ತಕವೊಂದನ್ನು ತಾವಾಗಿಯೇ ಕೈಗೆತ್ತಿಕೊಳ್ಳುವರು; ಮಗುವಿನ ಪ್ರಶ್ನೆಯೊಂದಕ್ಕೆ ಸಿಡುಕದೆ ಉತ್ತರಿಸುವರು. ಒಂದು ಶಾಲೆಗೆ ಅಷ್ಟು ಫಲ ಸಾಲದೆ? ಹಿರಿಯರು ಗಂಟನ್ನು ಕಾಪಾಡಿ ಕೊಟ್ಟಿದ್ದಾರೆ. ಅದಕ್ಕೆ ಇನ್ನೊಂದು ಹೂ ಏರಿಸುವುದು ಸುಲಭ. ಕುಳಿತು, ಕಟ್ಟು ಬಿಚ್ಚಿ, ಮೊದಲನೆಯ ಗರಿಯನ್ನು ಬೆಳಕಿಗೆ ಹಿಡಿಯುವುದು ಈಗಿನವರ ಪಾಲಿನ ಕಾಯಕ.